ಬತ್ತಿದ ಕೆರೆಯ ಅಂಗಳದಲ್ಲಿ ಒಂದು ಆಮೆ

ಕೆರೆಗಳ ಬಗ್ಗೆ ಕಾಳಜಿ ಇರುವ ಗೆಳೆಯರ ಮುಂದೆ ಆಡಿದ ಮಾತುಗಳಿವು. ಬರೆದುಕೊಡಿ ಅಂತ ಕೆಲವರು ಕೇಳಿದ್ದರಿಂದ ಬರೆದಿದ್ದೇನೆ. ಮಾತಿನ ಧಾಟಿ ಹಾಗೇ ಇರಲಿ ಅಂತ ಜಾಸ್ತಿ ತಿದ್ದಿಲ್ಲ.

ಎಲ್ಲರಿಗೂ ನಮಸ್ಕಾರ.

ಆಮೆಯ ಬದುಕಿನ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಶುರು ಮಾಡುವ ಮುಂಚೆ ಕಣ್ಣಾರೆ ಕಂಡದ್ದೊಂದನ್ನು ಹೇಳಿಬಿಡುತ್ತೇನೆ.

ಏಪ್ರಿಲ್ ತಿಂಗಳ ಕೊನೆ. ಒಂದು ಕೆರೆ ಪೂರ್ತಿ ಬತ್ತಿತ್ತು. ಅಂಗಳದ ತುಂಬಾ ನೆಲ ಬಿರುಕು ಬಿಟ್ಟಿತ್ತು. ಹೂಳೆತ್ತುವ ಕೆಲಸ ನಡೆಯುತ್ತಿತ್ತು. ಜೆಸಿಬಿ ಮಣ್ಣು ಬಾಚಿ ಟ್ರ್ಯಾಕ್ಟರಿಗೆ ಸುರಿಯುವಾಗ ಒಂದು ಹೆಂಟೆ ಮಾತ್ರ ಬೇರೆ ಥರ ಉರುಳಿತು. ಉಳಿದವು ಒಡೆದು ಪುಡಿಯಾದವು, ಅದು ಆಗಲಿಲ್ಲ. ಹತ್ತಿರ ಹೋಗಿ ನೋಡಿದರೆ ಆಮೆ. ಮೈತುಂಬಾ ಒಣಗಿದ ಕೆಸರು. ತಲೆ, ಕಾಲು ಒಂದೂ ಕಾಣುತ್ತಿರಲಿಲ್ಲ. ಸತ್ತಿದೆ ಅಂದುಕೊಂಡೆವು. ಆದರೂ ಮನಸ್ಸು ತಡೆಯದೆ ಹುಣಸೆಮರದ ನೆರಳಿಗೆ ತಂದು ಒದ್ದೆ ಗೋಣಿಚೀಲದ ಮೇಲೆ ಇಟ್ಟೆವು. ಸುಮಾರು ಅರ್ಧ ಗಂಟೆ ಆದ ಮೇಲೆ ಮೂಗಿನ ತುದಿ ಹೊರಗೆ ಬಂತು. ಆಮೇಲೆ ಒಂದು ಕಣ್ಣು ತೆರೆಯಿತು.

ಜೆಸಿಬಿ ಓಡಿಸುತ್ತಿದ್ದ ಹುಡುಗ ಇಳಿದು ಬಂದು ನೋಡಿದ. ಅವನ ಮುಖ ಸಪ್ಪಗಾಯಿತು. "ಅಣ್ಣಾ, ನಿನ್ನೆಯಿಂದ ಇಂಥವು ನಾಲ್ಕೈದು ಬಂದ್ವು. ಕಲ್ಲು ಅಂದ್ಕೊಂಡುಬಿಟ್ಟೆ" ಅಂದ.

ಅವನನ್ನು ದೂರಲು ನನಗೆ ಬಾಯಿ ಬರಲಿಲ್ಲ. ಅಲ್ಲಿ ನಿಂತಿದ್ದ ನಮಗಾದರೂ ಏನು ಗೊತ್ತಿತ್ತು? ನೀರಿಲ್ಲದ ಕೆರೆ ಅಂದರೆ ಖಾಲಿ ಕೆರೆ ಅಂತಲೇ ನಾವೆಲ್ಲ ತಿಳಿದಿದ್ದೆವು. ಅವತ್ತಿನಿಂದ ಆ ಮಾತನ್ನು ಬಿಟ್ಟಿದ್ದೇನೆ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದೂ ಅದನ್ನೇ. ಕೆರೆಯಲ್ಲಿ ಬದುಕುವ ಆಮೆಗೆ ನೀರು ಎಷ್ಟು ಮನೆಯೋ, ನೀರಿನ ಕೆಳಗಿನ ಮಣ್ಣೂ ಅಷ್ಟೇ ಮನೆ.

ಮೊದಲು ಯಾವ ಆಮೆ ಅಂತ ಹೇಳಬೇಕು. ಕನ್ನಡದಲ್ಲಿ ನಮಗೆ ಎಲ್ಲವೂ ಆಮೆಯೇ. ಸಮುದ್ರದಲ್ಲಿರುವುದು ಕಡಲಾಮೆ, ಕುರುಚಲು ಕಾಡಿನಲ್ಲಿ ನಡೆದಾಡುವುದು ನಕ್ಷತ್ರ ಆಮೆ, ಕೆರೆ, ಹೊಳೆ, ಗದ್ದೆಯಲ್ಲಿರುವುದು ನೀರಾಮೆ. ನೀರಾಮೆಗಳಲ್ಲೂ ಹಲವು ಜಾತಿ ಇವೆ. ನಾನು ಮಾತಾಡುತ್ತಿರುವುದು ನಮ್ಮ ಕೆರೆಗಳಲ್ಲಿ ಕಾಣುವ, ಚರ್ಮ ಹೊದ್ದ ಚಿಪ್ಪಿನ ಆಮೆಯ ಬಗ್ಗೆ. ವಿಜ್ಞಾನಿಗಳು ಇದನ್ನು ಲಿಸ್ಸೆಮಿಸ್ ಪಂಕ್ಟಾಟಾ ಅಂತಾರೆ. ಇಂಗ್ಲಿಷ್ ಹೆಸರು ಇಂಡಿಯನ್ ಫ್ಲ್ಯಾಪ್‌ಶೆಲ್. ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಇಷ್ಟೂ ಕಡೆ ಇದೆ. ಪಂಕ್ಟಾಟಾ ಅಂದರೆ ಚುಕ್ಕೆ ಇರುವುದು. ಉತ್ತರ ಭಾರತದ ಗಂಗಾ, ಸಿಂಧೂ ನದಿಗಳ ಕಡೆಯದಕ್ಕೆ ಬೆನ್ನ ಮೇಲೆ ಹಳದಿ ಚುಕ್ಕೆಗಳಿರುತ್ತವೆ. ನಮ್ಮ ದಕ್ಷಿಣದ್ದಕ್ಕೆ ಚುಕ್ಕೆ ಇರುವುದಿಲ್ಲ. ಬೆನ್ನು ಪಾಚಿ ಹಸಿರು ಬೆರೆತ ಕಂದು, ಹೊಟ್ಟೆ ಕೆನೆ ಬಣ್ಣ. ದೊಡ್ಡ ಹೆಣ್ಣಾದರೆ ಒಂದಡಿಯ ತನಕ ಬೆಳೆಯಬಹುದು. ಗಂಡು ಅದಕ್ಕಿಂತ ಚಿಕ್ಕದು.

ಇದನ್ನು ಅಂಗಾತ ಮಾಡಿದರೆ ಹೊಟ್ಟೆಯ ಹಿಂಭಾಗದಲ್ಲಿ ಎರಡು ಚರ್ಮದ ಮಡಿಕೆ ಕಾಣುತ್ತವೆ. ಹಿಂಗಾಲು ಒಳಗೆ ಎಳೆದುಕೊಂಡ ಮೇಲೆ ಈ ಮಡಿಕೆಗಳು ಎರಡು ಪುಟ್ಟ ಬಾಗಿಲ ಹಾಗೆ ಮುಚ್ಚಿಕೊಳ್ಳುತ್ತವೆ. ಮುಂದಿನ ತುಂಡೂ ಮೇಲಕ್ಕೆ ಮಡಚಿಕೊಂಡು ತಲೆಯ ಕಡೆ ಮುಚ್ಚುತ್ತದೆ. ಅಲ್ಲಿಗೆ ಮನೆಗೆ ಬೀಗ ಹಾಕಿದ ಹಾಗೆ. ಅವತ್ತು ಆ ಹುಡುಗನಿಗೆ ಅದು ಕಲ್ಲಿನ ಹಾಗೆ ಕಂಡದ್ದು ಇದಕ್ಕೇ.

ಕಾಲನ್ನೂ ಒಮ್ಮೆ ನೋಡಿ. ಐದು ಬೆರಳಿವೆ, ನಡುವೆ ಬಾತುಕೋಳಿಗೆ ಇದ್ದ ಹಾಗೆ ಚರ್ಮ. ಆದರೆ ಉಗುರು ಮೂರೇ. ಇದು ಸೇರಿದ ಇಡೀ ಕುಟುಂಬಕ್ಕೆ ಟ್ರಯೋನಿಕಿಡೇ ಅಂತ ಹೆಸರು. ಮೂರು ಉಗುರಿನವು ಅಂತಲೇ ಅದರ ಅರ್ಥ. ನಾಲ್ಕು ಕಾಲಿಗೆ ಹನ್ನೆರಡು ಉಗುರು. ಈ ಲೆಕ್ಕ ಯಾಕೆ ಹೇಳುತ್ತಿದ್ದೇನೆ ಅಂದರೆ, ಇಪ್ಪತ್ತು ಉಗುರಿನ ಆಮೆ ಮನೆಯಲ್ಲಿದ್ದರೆ ಹಣ ಹರಿದು ಬರುತ್ತದೆ ಅಂತ ನಂಬಿಸಿ ಆಮೆ ಹಿಡಿಸುವ, ಮಾರುವ ಮೋಸಗಾರರಿದ್ದಾರೆ. ಅವರ ಮಾತು ಕೇಳಿ ಹಣ ಕಳೆದುಕೊಂಡವರೂ ಇದ್ದಾರೆ. ಅವರ ಚೀಲದೊಳಗೆ ಉಸಿರುಗಟ್ಟಿ ಸತ್ತ ಆಮೆಗಳ ಲೆಕ್ಕ ಇಟ್ಟವರು ಯಾರೂ ಇಲ್ಲ. ಯಾರಾದರೂ ಇಂಥ ಮಾತು ತಂದರೆ ದಯವಿಟ್ಟು ಅಲ್ಲೇ ನಿಲ್ಲಿಸಿ.

ಈಗ ಚಿಪ್ಪಿಗೆ ಬರೋಣ. ಮಕ್ಕಳು ಕೇಳುತ್ತಾರೆ, ಆಮೆ ಚಿಪ್ಪು ಬಿಟ್ಟು ಹೊರಗೆ ಬರುತ್ತಾ ಅಂತ. ಬರಲು ಆಗುವುದೇ ಇಲ್ಲ. ಅದರ ಬೆನ್ನುಮೂಳೆಯೂ ಪಕ್ಕೆಲುಬೂ ಅಗಲವಾಗಿ ಬೆಳೆದು, ಒಂದಕ್ಕೊಂದು ಬೆಸೆದುಕೊಂಡು ಚಿಪ್ಪಾಗಿವೆ. ನಮ್ಮ ಪಕ್ಕೆಲುಬು ನಮ್ಮಿಂದ ಬೇರೆಯಾಗುತ್ತಾ? ಹಾಗೇ. ಮೂಳೆಯ ಮೇಲೆ ಜೀವ ಇರುವ ಚರ್ಮ ಇದೆ. ಮುಟ್ಟಿದರೆ ಅದಕ್ಕೆ ಗೊತ್ತಾಗುತ್ತದೆ, ಗೀಚಿದರೆ ನೋವಾಗುತ್ತದೆ. ಚಿಪ್ಪಿಗೆ ಪೇಂಟ್ ಹಚ್ಚುವವರಿಗೆ, ತೂತು ಕೊರೆದು ದಾರ ಕಟ್ಟುವವರಿಗೆ ಇದು ಗೊತ್ತಿರಬೇಕು.

ಪಕ್ಕೆಲುಬು ಅಲ್ಲಾಡದಿದ್ದರೆ ಉಸಿರಾಡುವುದು ಹೇಗೆ? ನಾವು ಉಸಿರೆಳೆದಾಗ ಎದೆ ಉಬ್ಬುತ್ತದೆ. ಆಮೆಗೆ ಅದು ಆಗದು. ಅದಕ್ಕೆ ಹೊಟ್ಟೆಯೊಳಗೆ ಸ್ನಾಯುಗಳ ಒಂದು ಜೋಲಿ ಇದೆ. ಆ ಜೋಲಿ ಬಿಗಿಯಾಗಿ, ಸಡಿಲವಾಗಿ ಶ್ವಾಸಕೋಶದಿಂದ ಗಾಳಿಯನ್ನು ಹೊರಗೆ ತಳ್ಳುತ್ತದೆ, ಒಳಗೆ ಎಳೆಯುತ್ತದೆ. ಇಂಥ ಮೆತ್ತನೆ ಚಿಪ್ಪಿನ ಆಮೆಗಳು ನೀರಿನೊಳಗೆ ಇದ್ದಾಗ ಚರ್ಮದಿಂದಲೂ ಗಂಟಲಿನ ಒಳಪದರದಿಂದಲೂ ಸ್ವಲ್ಪ ಆಮ್ಲಜನಕ ಹೀರಿಕೊಳ್ಳುತ್ತವೆ. ಆದರೂ ಗಾಳಿಗೆ ಮೇಲೆ ಬರಲೇಬೇಕು. ಬರುವ ರೀತಿ ನೋಡಲು ಚೆಂದ. ಮೂಗು ಕೊಳವೆಯ ಹಾಗೆ ಮುಂದಕ್ಕೆ ಚಾಚಿಕೊಂಡಿದೆ. ತಳದಲ್ಲಿ ಕೂತೇ ಕತ್ತು ಉದ್ದ ಮಾಡಿ ಆ ಕೊಳವೆಯ ತುದಿಯನ್ನಷ್ಟೇ ನೀರಿನ ಮೇಲೆ ತರುತ್ತದೆ. ದೂರದಿಂದ ನೋಡಿದರೆ ನೀರಲ್ಲಿ ಒಂದು ಕಡ್ಡಿ ತುದಿ ಎದ್ದಿದೆ ಅನ್ನಿಸುತ್ತದೆ. ಇನ್ನೊಮ್ಮೆ ನೋಡುವಷ್ಟರಲ್ಲಿ ಇರುವುದಿಲ್ಲ. ಬೆಳಗ್ಗೆ ಏರಿಯ ಮೇಲೆ ಸುಮ್ನೆ ಕಾಲು ಗಂಟೆ ಕೂತರೆ ನಿಮಗೂ ಕಾಣಬಹುದು. ನಡೆದಾಡಬಾರದು, ಅಷ್ಟೇ. ಕಾಲಿನ ಸದ್ದಿಗೆ ಅದು ತಿರುಗಿ ಮೇಲೆ ಬರುವುದಿಲ್ಲ.

ಊಟದ ವಿಷಯದಲ್ಲಿ ಚೌಕಾಸಿ ಇಲ್ಲ. ಕಪ್ಪೆ, ಮೀನು, ಬಸವನಹುಳು, ಎರೆಹುಳು, ನೀರಿನ ಸೊಪ್ಪು, ಸತ್ತ ಪ್ರಾಣಿ, ಎಲ್ಲವನ್ನೂ ತಿನ್ನುತ್ತದೆ. ಹಲ್ಲಿಲ್ಲ. ಗಿಣಿಯ ಕೊಕ್ಕಿನ ಹಾಗೆ ಗಟ್ಟಿ ಅಂಚಿನ ದವಡೆ ಇದೆ, ಅದರ ಮೇಲೆ ದಪ್ಪ ತುಟಿ. ಪೆದ್ದು ಮುಖ ಅಂತ ಬೆರಳು ಹತ್ತಿರ ತಂದರೆ ಕಚ್ಚುತ್ತದೆ, ಬಲವಾಗಿಯೇ ಕಚ್ಚುತ್ತದೆ. ಸತ್ತ ಮೀನು ಕೊಳೆತು ನೀರು ಕೆಡುವ ಮುಂಚೆ ತಿಂದು ಮುಗಿಸುವವರಲ್ಲಿ ಇದೂ ಒಂದು.

ಇನ್ನು ಮಣ್ಣಿನ ವಿಷಯ. ನನಗೆ ಹೇಳಲು ಅತಿ ಇಷ್ಟವಾದ ಭಾಗ ಇದು.

ಬೇಸಿಗೆಯಲ್ಲಿ ಕೆರೆಯ ನೀರು ಕೋಡಿಯ ಕಡೆಯಿಂದ ಹಿಂದೆ ಸರಿಯುತ್ತಾ ತೂಬಿನ ಹತ್ತಿರದ ಗುಂಡಿಗೆ ಬಂದು ನಿಲ್ಲುತ್ತದೆ. ಆಮೆಯೂ ನೀರಿನ ಜೊತೆಗೇ ಸರಿಯುತ್ತಾ ಬರುತ್ತದೆ. ಕೆಲವು ರಾತ್ರಿ ಹೊತ್ತು ಎದ್ದು ಬೇರೆ ನೀರು ಹುಡುಕಿ ನಡೆದುಬಿಡುತ್ತವೆ. ಉಳಿದವು ಕೆಸರಿಗೆ ಇಳಿಯುತ್ತವೆ. ಮುಂಗಾಲಿನಿಂದ ಕೆಸರನ್ನು ಪಕ್ಕಕ್ಕೆ ತಳ್ಳುತ್ತಾ, ಮೈಯನ್ನು ಎಡಕ್ಕೆ ಬಲಕ್ಕೆ ಓಲಾಡಿಸುತ್ತಾ ಒಳಗೆ ಹೋಗುತ್ತದೆ. ಚಪ್ಪಟೆ ಮೈ, ಮೆತ್ತನೆ ಅಂಚು, ನುಣ್ಣನೆ ಚರ್ಮ, ಎಲ್ಲವೂ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ. ನೋಡುತ್ತಿದ್ದ ಹಾಗೆ ಕೆಸರು ಮೇಲೆ ಕೂಡಿಕೊಳ್ಳುತ್ತದೆ. ಆಮೇಲೆ ಬಿಸಿಲು ಆ ಕೆಸರನ್ನು ಒಣಗಿಸಿ ಮುಚ್ಚಳ ಮಾಡುತ್ತದೆ.

ಒಳಗೆ ಆಮೆ ಎಲ್ಲವನ್ನೂ ನಿಧಾನ ಮಾಡಿಕೊಳ್ಳುತ್ತದೆ. ಅದು ತಣ್ಣನೆ ರಕ್ತದ ಪ್ರಾಣಿ. ಮೈ ಬೆಚ್ಚಗಿಡಲು ನಮ್ಮ ಹಾಗೆ ಹೊತ್ತು ಹೊತ್ತಿಗೆ ತಿನ್ನಬೇಕಾಗಿಲ್ಲ. ಊಟ ಇಲ್ಲ, ಓಡಾಟ ಇಲ್ಲ. ಎದೆಬಡಿತ ತಗ್ಗುತ್ತದೆ. ಮಳೆಗಾಲದಲ್ಲಿ ತಿಂದು ಕೂಡಿಸಿಟ್ಟ ಕೊಬ್ಬೇ ಬುತ್ತಿ. ಹೀಗೆ ತಿಂಗಳುಗಟ್ಟಲೆ, 160 ದಿನಗಳ ತನಕವೂ ಬರ ತಾಳಿಕೊಂಡಿರಬಲ್ಲದು ಅಂತಾರೆ ಬಲ್ಲವರು. ಅಂದರೆ ಐದು ತಿಂಗಳು! ಆದರೆ ಒಂದು ಮಾತು. ಸುತ್ತಲಿನ ಮಣ್ಣಿನಲ್ಲಿ ಸ್ವಲ್ಪವಾದರೂ ತೇವ ಇರಬೇಕು. ಮೇಲೆ ಬಿರುಕು ಬಿಟ್ಟಿದ್ದರೂ ಕೈಯಾಳ ಅಗೆದರೆ ಹೂಳು ತಣ್ಣಗಿರುತ್ತದೆ. ಆ ತಂಪನ್ನು ನಂಬಿಕೊಂಡು ಅದು ಮಲಗಿರುತ್ತದೆ.

ಚಳಿದೇಶದ ಆಮೆಗಳ ಕಥೆ ಇನ್ನೊಂದು ಥರ. ಉತ್ತರ ಅಮೆರಿಕದಲ್ಲಿ ಪೇಂಟೆಡ್ ಟರ್ಟಲ್ ಅಂತ ಒಂದಿದೆ. ಅಲ್ಲಿ ಕೊಳದ ಮೇಲೆ ಮಂಜುಗಡ್ಡೆ ಕಟ್ಟಿದಾಗ ಅದು ತಳದಲ್ಲಿ ತಿಂಗಳುಗಟ್ಟಲೆ ಗಾಳಿಯೇ ಇಲ್ಲದೆ ಇರುತ್ತದೆ. ಆಮ್ಲಜನಕ ಇಲ್ಲದಾಗ ರಕ್ತದಲ್ಲಿ ಆಮ್ಲ ಸೇರುತ್ತದೆ. ಅದನ್ನು ತಗ್ಗಿಸಲು ತನ್ನ ಚಿಪ್ಪಿನಲ್ಲಿರುವ ಖನಿಜವನ್ನೇ ಕರಗಿಸಿ ಬಳಸಿಕೊಳ್ಳುತ್ತದೆ. ಅಲ್ಲಿ ಚಳಿ, ಇಲ್ಲಿ ಬಿಸಿಲು. ಎರಡೂ ಕಡೆ ಆಮೆ ಮಾಡುವುದು ಒಂದೇ ಕೆಲಸ, ಕಾಯುವುದು.

ಚಿಪ್ಪು ಹುಟ್ಟಿದ್ದಕ್ಕೂ ಮಣ್ಣಿಗೂ ನಂಟಿದೆ ಅನ್ನುವ ವಿಜ್ಞಾನಿಗಳಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕ ಯೂನೋಟೋಸಾರಸ್ ಅನ್ನುವ ಪ್ರಾಣಿಯ ಪಳೆಯುಳಿಕೆಗಳು ಸುಮಾರು 26 ಕೋಟಿ ವರ್ಷ ಹಳೆಯವು. ಅದಕ್ಕೆ ಚಿಪ್ಪಿರಲಿಲ್ಲ, ಆದರೆ ಪಕ್ಕೆಲುಬು ಅಗಲವಾಗಿದ್ದವು. ಅದು ನೆಲ ಅಗೆಯುವ ಪ್ರಾಣಿ, ಅಗೆಯುವಾಗ ಮೈಗೆ ಬಿಗಿ ಸಿಗಲಿ ಅಂತಲೇ ಪಕ್ಕೆಲುಬು ಅಗಲವಾದವು, ರಕ್ಷಣೆಯ ಕೆಲಸ ಆಮೇಲೆ ಬಂತು ಅಂತ 2016ರಲ್ಲಿ ವಾದ ಮಂಡಿಸಿದರು. ಇದನ್ನು ಓದಿದಾಗ ನನಗೆ ಆ ಹೆಂಟೆ ನೆನಪಾಗಿ ಮೈ ಜುಮ್ಮೆಂದಿತು.

ಮೊಟ್ಟೆಯ ವಿಷಯಕ್ಕೆ ಬರೋಣ. ಹಿರಿಯರು ಹೇಳುವ ಮಾತೊಂದಿದೆ, ನೀವೂ ಕೇಳಿರುತ್ತೀರಿ. ಮೀನು ನೋಟದಿಂದ, ಹಕ್ಕಿ ಮೈ ತಾಗಿಸಿ, ಆಮೆ ನೆನೆದು ಮರಿಗಳನ್ನು ಸಾಕುತ್ತದೆ ಅಂತ. ಎಲ್ಲೋ ಮೊಟ್ಟೆ ಇಟ್ಟು, ಎಲ್ಲೋ ಕೂತು ತಾಯಿ ಆಮೆ ಅವನ್ನೇ ಧ್ಯಾನಿಸುತ್ತಿರುತ್ತದಂತೆ. ಈ ಮಾತು ಕಟ್ಟಿದವರು ಆಮೆಯನ್ನು ಚೆನ್ನಾಗಿ ಗಮನಿಸಿದ್ದರು. ತಾಯಿ ಮೊಟ್ಟೆಯ ಹತ್ತಿರ ಇರುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಹಾಗಾದರೆ ಮರಿ ಹೇಗಾಯಿತು ಅನ್ನುವುದಕ್ಕೆ ಪ್ರೀತಿಯ ಉತ್ತರ ಕೊಟ್ಟರು.

ನಡೆಯುವುದು ಹೀಗೆ. ಹೆಣ್ಣು ನೀರು ಬಿಟ್ಟು ಏರಿಯ ಇಳಿಜಾರಿಗೋ ಗದ್ದೆಯ ಬದುವಿಗೋ ಬರುತ್ತದೆ. ಜಾಗ ಒಪ್ಪಿಗೆಯಾದ ಮೇಲೆ ಹಿಂಗಾಲಿನಲ್ಲಿ ಅಗೆಯಲು ಶುರು. ಒಂದು ಕಾಲು ಮಣ್ಣು ಮೊಗೆದು ಹೊರಗೆ ಹಾಕುತ್ತದೆ, ಆಮೇಲೆ ಇನ್ನೊಂದು ಕಾಲು. ಮತ್ತೆ ಮೊದಲನೆಯದು. ತಲೆ ಆ ಕಡೆ, ಗುಂಡಿ ಈ ಕಡೆ. ಒಮ್ಮೆಯೂ ತಿರುಗಿ ನೋಡುವುದಿಲ್ಲ. ಕಾಲಿಗೆ ಸಿಗುವ ಅಂದಾಜಿನ ಮೇಲೇ ಎಲ್ಲ ಕೆಲಸ. ಮೊಟ್ಟೆ ಇಟ್ಟು, ಮತ್ತೆ ಹಿಂಗಾಲಿನಿಂದಲೇ ಮಣ್ಣು ಎಳೆದು ಮುಚ್ಚಿ, ಮೈಯಿಂದ ಒತ್ತಿ ನೀರಿಗೆ ಹೊರಟುಬಿಡುತ್ತದೆ. ತನ್ನ ಮೊಟ್ಟೆಯನ್ನು ಅದು ಕಂಡಿರುವುದೇ ಇಲ್ಲ!

ಒಂದು ಸಲಕ್ಕೆ ಎರಡರಿಂದ ಹದಿನಾಲ್ಕು ಮೊಟ್ಟೆ. ವರ್ಷಕ್ಕೆ ಎರಡು ಮೂರು ಸಲ ಇಡಬಹುದು. ಬಿಳಿ, ದುಂಡಗೆ, ಗಟ್ಟಿ ಸಿಪ್ಪೆ, ಸುಮಾರು ಮೂರು ಸೆಂಟಿಮೀಟರ್. ಸಣ್ಣ ನಿಂಬೆಹಣ್ಣು ಅಂದುಕೊಳ್ಳಿ. ಮರಿ ಹೊರಗೆ ಬರಲು ಎಷ್ಟೋ ತಿಂಗಳು ಬೇಕು. ಮೊಟ್ಟೆಯೊಳಗಿನ ಜೀವ ಒಂದೇ ಸಮ ಬೆಳೆಯುವುದಿಲ್ಲ. ನಡುವೆ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತದೆ. ಹವೆ ಬದಲಾದಾಗ ಮತ್ತೆ ಮುಂದುವರಿಯುತ್ತದೆ. ಒಣ ನೆಲದಲ್ಲಿ, ನೀರಿಲ್ಲದ ಕಾಲದಲ್ಲಿ ಮರಿ ಹೊರಗೆ ಬಂದು ಏನು ಮಾಡಬೇಕು ಹೇಳಿ? ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಬರುವುದೇ ಒಳ್ಳೆಯದು, ಅಲ್ವಾ? ತಾಯಿ ಕೆಸರೊಳಗೆ ಕಾಯುವ ಹಾಗೇ ಮರಿ ಮೊಟ್ಟೆಯೊಳಗೆ ಕಾಯುತ್ತದೆ. ಹೊರಗೆ ಬಂದಾಗ ಒಂದು ಬೆಂಕಿಪೊಟ್ಟಣದಷ್ಟು ಇರುತ್ತದೆ. ಮೂಗಿನ ತುದಿಯಲ್ಲಿ ಸಿಪ್ಪೆ ಒಡೆಯಲು ಒಂದು ಚೂಪು ಮೊನೆ. ಕೆಲವು ದಿನಗಳಲ್ಲಿ ಅದು ಬಿದ್ದುಹೋಗುತ್ತದೆ.

ಹಲವು ಆಮೆ ಜಾತಿಗಳಲ್ಲಿ ಮರಿ ಗಂಡಾಗುವುದೋ ಹೆಣ್ಣಾಗುವುದೋ ಮಣ್ಣಿನ ಬಿಸಿ ನೋಡಿಕೊಂಡು ತೀರ್ಮಾನವಾಗುತ್ತದೆ. ಮೆತ್ತನೆ ಚಿಪ್ಪಿನವುಗಳಲ್ಲಿ ಹಾಗಿಲ್ಲ. ನಮ್ಮ ಹಾಗೆ ವರ್ಣತಂತುಗಳೇ ಅದನ್ನು ತೀರ್ಮಾನಿಸುತ್ತವೆ.

ಮೊಟ್ಟೆಯ ಈ ನಿದ್ದೆಯ ಬಗ್ಗೆ ಬರೆದವರಲ್ಲಿ ಒಬ್ಬರ ಹೆಸರು ಇಲ್ಲಿ ಹೇಳಲೇಬೇಕು. ಜೆ. ವಿಜಯಾ. ಭಾರತದಲ್ಲಿ ಆಮೆ, ಹಾವು, ಕಪ್ಪೆಗಳ ಅಧ್ಯಯನಕ್ಕೆ ಇಳಿದ ಮೊದಲ ಹೆಣ್ಣುಮಗಳು ಅಂತ ಅವರನ್ನು ನೆನೆಯುತ್ತಾರೆ. ಮದ್ರಾಸಿನ ಮೊಸಳೆ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದರು. ಪಶ್ಚಿಮ ಘಟ್ಟದ ಕಾಡಿನಲ್ಲಿರುವ ಒಂದು ಪುಟ್ಟ ಆಮೆ ಎಷ್ಟೋ ದಶಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1982ರಲ್ಲಿ ಅದನ್ನು ಮತ್ತೆ ಕಂಡುಹಿಡಿದವರು ಇವರೇ. 1987ರಲ್ಲಿ ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. 2006ರಲ್ಲಿ ಆ ಆಮೆಯ ಕುಲಕ್ಕೆ ವಿಜಯಚೆಲಿಸ್ ಅಂತ ಅವರ ಹೆಸರನ್ನೇ ಇಟ್ಟರು. ಇಲ್ಲಿ ಕೂತಿರುವ ಹೆಣ್ಣುಮಕ್ಕಳು ಈ ಹೆಸರನ್ನು ನೆನಪಿಟ್ಟುಕೊಳ್ಳಲಿ ಅಂತ ನನ್ನ ಆಸೆ.

ಮೊಟ್ಟೆಗೆ ಶತ್ರುಗಳು ಜಾಸ್ತಿ. ಮುಂಗುಸಿ, ಉಡ, ನರಿ, ಹಂದಿ, ಈಗ ಬೀದಿನಾಯಿ. ಮರಿಗೆ ಕೊಕ್ಕರೆ, ಹದ್ದು, ದೊಡ್ಡ ಮೀನು. ಆಮೆಗಳ ಬದುಕು ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡೇ ನಡೆದಿದೆ. ಒಂದು ಹೆಣ್ಣು ದೊಡ್ಡದಾಗಲು ವರ್ಷಗಳು ಬೇಕು. ದೊಡ್ಡದಾದ ಮೇಲೆ ಬಹಳ ವರ್ಷ ಬದುಕಿ, ಪ್ರತಿ ವರ್ಷ ಮೊಟ್ಟೆ ಇಟ್ಟು, ಅದರಲ್ಲಿ ಒಂದೋ ಎರಡೋ ಉಳಿದರೆ ಸಂತತಿ ನಡೆಯುತ್ತದೆ. ಹಾಗಾಗಿ ಮೊಟ್ಟೆ ಹೋದರೆ ತಡೆದುಕೊಳ್ಳುತ್ತದೆ, ಬೆಳೆದ ಹೆಣ್ಣು ಹೋದರೆ ತಡೆದುಕೊಳ್ಳುವುದು ಕಷ್ಟ. ಜೆಸಿಬಿ ಬಕೆಟ್ಟಿಗೆ ಸಿಗುವುದು ಈ ಬೆಳೆದ ಆಮೆಗಳೇ. ಮಾಂಸಕ್ಕೆ ಹಿಡಿಯುವವರಿಗೂ ಇವೇ ಬೇಕು. 2021ರಲ್ಲಿ ಇದನ್ನು ಅಳಿವಿನ ಭಯ ಇರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದರು. ನಾವು ಚಿಕ್ಕವರಿದ್ದಾಗ ಗದ್ದೆ ಕಾಲುವೆಯಲ್ಲೂ ಕಾಣುತ್ತಿದ್ದ ಪ್ರಾಣಿ ಇದು.

ಕಾನೂನು ಗಟ್ಟಿಯಾಗಿಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿ, ಹುಲಿ ಇರುವ ಪಟ್ಟಿಯಲ್ಲೇ ಈ ಆಮೆಯೂ ಇದೆ. ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ಎಲ್ಲವೂ ಅಪರಾಧ. ಮೂರರಿಂದ ಏಳು ವರ್ಷ ಜೈಲಾಗಬಹುದು.

ಒಳ್ಳೆಯ ಮನಸ್ಸಿನಿಂದಲೇ ನಾವು ಮಾಡುವ ಎರಡು ತಪ್ಪುಗಳಿವೆ. ಮಳೆಗಾಲದಲ್ಲಿ ರಸ್ತೆ ದಾಟುವ ಆಮೆ ಸಿಕ್ಕರೆ ಪಾಪ ಅಂತ ತಂದು ಬಾವಿಗೆ ಬಿಡುತ್ತೇವೆ. ಕಟ್ಟಿದ ಬಾವಿಯ ಗೋಡೆ ನೆಟ್ಟಗಿರುತ್ತದೆ. ಅದು ಹತ್ತಿ ಬಂದು ಮೊಟ್ಟೆ ಇಡಲು ಆಗುವುದಿಲ್ಲ. ಬದುಕಿರುವ ತನಕ ಅಲ್ಲೇ ಸುತ್ತುತ್ತಿರಬೇಕು. ಅದು ಯಾವ ಕಡೆ ಮುಖ ಮಾಡಿತ್ತೋ ಆ ಕಡೆಗೇ ರಸ್ತೆ ದಾಟಿಸಿ ಬಿಟ್ಟುಬಿಡಿ. ಎಲ್ಲಿಗೆ ಹೋಗಬೇಕು ಅಂತ ಅದಕ್ಕೆ ಗೊತ್ತಿದೆ. ಇನ್ನೊಂದು, ಅಕ್ವೇರಿಯಂಗೆ ತಂದ ಕೆಂಪು ಕಿವಿಯ ಆಮೆಯನ್ನು ದೊಡ್ಡದಾದ ಮೇಲೆ ಕೆರೆಗೆ ಬಿಡುವುದು. ಅದು ಅಮೆರಿಕದ ಆಮೆ. ಕೆರೆಗೆ ಬಿದ್ದರೆ ನಮ್ಮ ಆಮೆಗಳ ಊಟಕ್ಕೂ ಬಿಸಿಲು ಕಾಯುವ ಜಾಗಕ್ಕೂ ಪೈಪೋಟಿಗೆ ಇಳಿಯುತ್ತದೆ.

ಹಾಗಾದರೆ ಹೂಳು ತೆಗೆಯಲೇಬಾರದಾ ಅಂತ ಕೇಳುತ್ತೀರಿ. ತೆಗೆಯಬೇಕು. ಹೂಳು ತುಂಬಿ ಕೆರೆಯೇ ಹೋದರೆ ಆಮೆಯೂ ಇರುವುದಿಲ್ಲ. ತೆಗೆಯುವ ಕ್ರಮ ಬದಲಾಗಬೇಕು. ಆ ಹೆಂಟೆ ಸಿಕ್ಕ ಮರುವರ್ಷ ಇನ್ನೊಂದು ಕೆರೆಯಲ್ಲಿ ಅರಣ್ಯ ಇಲಾಖೆಯವರಿಗೆ ಮೊದಲೇ ತಿಳಿಸಿ, ಅವರನ್ನೂ ಜೊತೆಗೆ ಕರೆದುಕೊಂಡು ಕೆಲಸ ಮಾಡಿದೆವು. ಇಡೀ ಅಂಗಳವನ್ನು ಒಂದೇ ಸಲ ಕೆದಕಲಿಲ್ಲ. ಅರ್ಧ ಆ ವರ್ಷ, ಇನ್ನರ್ಧ ಮುಂದಕ್ಕೆ. ತೂಬಿನ ಹತ್ತಿರದ ತೇವದ ಗುಂಡಿಯನ್ನು ಮುಟ್ಟಲೇ ಇಲ್ಲ. ಯಂತ್ರದ ಮುಂದೆ ಇಬ್ಬರು ಗುದ್ದಲಿ ಹಿಡಿದು ನಡೆಯುತ್ತಿದ್ದರು. ಒಂಬತ್ತು ಆಮೆ ಸಿಕ್ಕವು. ಎಲ್ಲವನ್ನೂ ಆ ಗುಂಡಿಯ ಕೆಸರಿಗೇ ಬಿಟ್ಟೆವು. ಕೆಲಸ ನಾಲ್ಕು ದಿನ ತಡವಾಯಿತು. ಊರವರು ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಅಜ್ಜಿಯೊಬ್ಬರು ದಿನಾ ಬಂದು "ಇವತ್ತು ಎಷ್ಟಪ್ಪಾ?" ಅಂತ ಕೇಳಿ ಹೋಗುತ್ತಿದ್ದರು.

ಮಾತು ಮುಗಿದ ಮೇಲೆ ಆರನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ್, ಮಣ್ಣೊಳಗೆ ಮಲಗಿರೋ ಆಮೆಗೆ ಮಳೆ ಬಂತು ಅಂತ ಹೇಗೆ ಗೊತ್ತಾಗುತ್ತೆ?"

ಅವನಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಬರೆಯುತ್ತೇನೆ. ಮೊದಲ ಮಳೆಯ ನೀರು ಬಿರುಕುಗಳ ಒಳಗೆ ಇಳಿಯುತ್ತದಪ್ಪಾ. ಸುತ್ತಲಿನ ಮಣ್ಣು ತಣ್ಣಗಾಗುತ್ತದೆ, ಸಡಿಲವಾಗುತ್ತದೆ. ಆಮೆಯ ಚಿಪ್ಪಿನ ಮೇಲೆ ಚರ್ಮ ಇದೆ ಅಂದೆನಲ್ಲ, ಇದೆಲ್ಲ ಅದರ ಮೈಗೆ ತಾಗುತ್ತದೆ. ಕಳೆದ ಜೂನಿನಲ್ಲಿ ಒಂದು ರಾತ್ರಿ ಜೋರು ಮಳೆ ನಿಂತ ಮೇಲೆ ನಾವು ಮೂರು ಜನ ಟಾರ್ಚ್ ಹಿಡಿದು ಆ ಗುಂಡಿಯ ಅಂಚಿನಲ್ಲಿ ಕೂತಿದ್ದೆವು. ಕಪ್ಪೆಗಳ ಕೂಗಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಕೆಸರಿನಲ್ಲಿ ಒಂದು ಕಡೆ ಅಂಗೈಯಗಲ ಜಾಗ ದೋಸೆ ಉಬ್ಬಿದ ಹಾಗೆ ಮೇಲಕ್ಕೆ ಉಬ್ಬಿತು. ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ನಡುವೆ ಸೀಳಿತು. ಆ ಸೀಳಿನಿಂದ ಎರಡು ತೂತಿನ ಒಂದು ಪುಟ್ಟ ಮೂಗು ಹೊರಗೆ ಬಂತು. ಉಸಿರು ಬಿಟ್ಟಾಗ ಮೂಗಿನ ಸುತ್ತಲಿನ ನೀರಲ್ಲಿ ಸಣ್ಣ ಗುಳ್ಳೆ ಎದ್ದಿತು. ಮತ್ತೆ ಮಳೆ ಹನಿಯಲು ಶುರುವಾಯಿತು. ನಾವು ಟಾರ್ಚ್ ಆರಿಸಿ ಅಲ್ಲೇ ಕೂತೆವು.